ಸೋತ ತಂಡದ ಕೋಚ್ ಕುರ್ಚಿ

ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯ ತೃಕ್ಕರಿಪುರದಲ್ಲಿ ಫುಟ್‌ಬಾಲ್ ಎಂದರೆ ಮೊದಲು ನೆನಪಾಗುವುದು ಸೆವೆನ್ಸ್. ಕೊಯ್ಲಾದ ಗದ್ದೆಯಲ್ಲೂ ಗ್ಯಾಲರಿ ಕಟ್ಟಿ ಆಡಿಸುವ ಈ ಏಳು ಮಂದಿಯ ಆಟದಲ್ಲಿ ಮ್ಯಾನೇಜರ್ ಎಂದರೆ ಆಟಗಾರರನ್ನು ಗೊತ್ತುಮಾಡಿ ಕರೆತರುವವನು. ತಂಡ ಸೋತರೆ ಮುಂದಿನ ಪಂದ್ಯಕ್ಕೆ ಆಟಗಾರರು ಬದಲಾಗುತ್ತಾರೆ, ಮ್ಯಾನೇಜರ್ ಉಳಿಯುತ್ತಾನೆ. ಲೀಗ್ ಫುಟ್‌ಬಾಲಿನಲ್ಲಿ ಇದು ತಿರುಗುಮುರುಗು: ಆಟಗಾರರ ಒಪ್ಪಂದ ಮುರಿಯುವುದು ದುಬಾರಿ, ಕೋಚನ್ನು ಕಳಿಸುವುದು ಸುಲಭ. ಹಾಗೆ ಖಾಲಿಯಾದ ಕುರ್ಚಿಗೆ ಹೊಸಬರು ಏಕೆ ಬರುತ್ತಾರೆ ಎಂಬ ಪ್ರಶ್ನೆ ಈ ಭಾಗದ ಆಟಕ್ಕೆ ತೀರ ಇತ್ತೀಚಿನದು.

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯೇ ಮುಖ್ಯವಾಗಿದ್ದ ಕಾಲದಲ್ಲಿ ಆ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ. ರಾಜ್ಯ ಸಂಸ್ಥೆ ಕೋಚನ್ನು ನೇಮಿಸುತ್ತಿತ್ತು. ಕೆಲವು ವಾರಗಳ ಶಿಬಿರ, ಒಂದು ಟೂರ್ನಿ, ಅಲ್ಲಿಗೆ ಮುಗಿಯಿತು. ಕೇರಳ 1973ರಲ್ಲಿ ಸೈಮನ್ ಸುಂದರರಾಜ್ ತರಬೇತಿಯಲ್ಲಿ ಮೊದಲ ಬಾರಿ ಗೆದ್ದಿತು. ಮೈಸೂರು ರಾಜ್ಯದ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಕರ್ನಾಟಕ ಮತ್ತೆ ಕಪ್ ಎತ್ತಿದ್ದು 2023ರಲ್ಲಿ, ರಿಯಾದ್‌ನಲ್ಲಿ.

ವೃತ್ತಿಪರ ಕ್ಲಬ್ಬುಗಳೊಂದಿಗೆ ಕೋಚ್‌ಗಳ ಲೆಕ್ಕಾಚಾರ ಶುರುವಾಯಿತು. 1997ರಲ್ಲಿ ಹುಟ್ಟಿದ ಎಫ್‌ಸಿ ಕೊಚ್ಚಿನ್ ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದರೂ ಹಣವಿಲ್ಲದೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಬಳಿಕ ಬಂದ ವಿವಾ ಕೇರಳವೂ ಹೆಸರು ಬದಲಿಸಿಕೊಂಡು 2012ರ ಹೊತ್ತಿಗೆ ಕಣ್ಮರೆಯಾಯಿತು. ಆಗ ಕೋಚ್‌ಗೆ ಅಂಕಪಟ್ಟಿಯ ಸ್ಥಾನಕ್ಕಿಂತ ಸಂಬಳದ ದಿನಾಂಕವೇ ದೊಡ್ಡ ಚಿಂತೆಯಾಗಿದ್ದೀತು.

2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ಈ ಚಿತ್ರವನ್ನು ಬದಲಿಸಿತು. ಕೇರಳ ಬ್ಲಾಸ್ಟರ್ಸ್ 2015ರಲ್ಲಿ ಎಂಟು ತಂಡಗಳಲ್ಲಿ ಕೊನೆಯದಾಗಿತ್ತು. ಕೋಚ್ ಪೀಟರ್ ಟೇಲರ್ ಋತುವಿನ ನಡುವೆಯೇ ಹೋಗಿದ್ದರು. ಆದರೂ ಮರುವರ್ಷ ಬಂದವರು ಇಂಗ್ಲೆಂಡಿನಲ್ಲಿ ರೆಡಿಂಗ್ ತಂಡವನ್ನು ಪ್ರೀಮಿಯರ್ ಲೀಗಿಗೆ ಏರಿಸಿದ್ದ ಸ್ಟೀವ್ ಕೊಪೆಲ್. 2016ರ ಡಿಸೆಂಬರ್ 18ರಂದು ಕೊಚ್ಚಿಯ ಫೈನಲ್‌ನಲ್ಲಿ ಅವರ ತಂಡಕ್ಕೆ ಮುನ್ನಡೆ ಕೊಟ್ಟದ್ದು ತೃಕ್ಕರಿಪುರದ ಮೊಹಮ್ಮದ್ ರಫಿ ಹೆಡ್ ಮಾಡಿದ ಗೋಲು. ಪೆನಾಲ್ಟಿಯಲ್ಲಿ ಕಪ್ ಕೈತಪ್ಪಿತು. ಮರುವರ್ಷ ಕೊಪೆಲ್ ಜಮ್ಶೆಡ್‌ಪುರಕ್ಕೆ ಹೋದರು.

ಆಮೇಲೆ ಮ್ಯೂಲೆನ್‌ಸ್ಟೀನ್, ಡೇವಿಡ್ ಜೇಮ್ಸ್, ವಿಂಗಾಡ, ಸ್ಕಟೋರಿ, ವಿಕೂನ್ಯಾ: ಬಂದವರಾರೂ ನೆಲೆ ನಿಲ್ಲಲಿಲ್ಲ. ತಂಡ 2020–21ರಲ್ಲಿ ಹನ್ನೊಂದರಲ್ಲಿ ಹತ್ತನೆಯದಾಯಿತು. ಅಷ್ಟಾದರೂ ಕುರ್ಚಿಯ ಆಕರ್ಷಣೆ ಕುಂದಲಿಲ್ಲ. ಸರ್ಬಿಯಾದ ಇವಾನ್ ವುಕೊಮನೊವಿಚ್ ಮೊದಲ ಋತುವಿನಲ್ಲೇ ಫೈನಲ್ ತಲುಪಿಸಿ ಮೂರು ಋತು ಉಳಿದರು. ರೋಗ ಗಟ್ಟಿಯಾಗಿದ್ದಷ್ಟೂ ವಾಸಿಮಾಡಿದ ವೈದ್ಯನ ಹೆಸರು ದೊಡ್ಡದಾಗುತ್ತದೆ. ಹತ್ತನೆಯ ಸ್ಥಾನದಿಂದ ಐದಕ್ಕೆ ಏರಿಸಿದರೂ ಅದು ಸಾಧನೆಯೇ. ಆದರೆ ವುಕೊಮನೊವಿಚ್ ಬಳಿಕ ಪ್ಲೇಆಫ್ ಆಡಿದ್ದ ತಂಡವನ್ನೇ ವಹಿಸಿಕೊಂಡ ಮಿಕಾಯೆಲ್ ಸ್ಟಾರೆ 2024ರ ಡಿಸೆಂಬರ್ ದಾಟಲಿಲ್ಲ.

ಕುಸಿದ ತಂಡವನ್ನು ವಹಿಸಿಕೊಳ್ಳುವ ಲಾಭ ಬೆಂಗಳೂರು ಎಫ್‌ಸಿಯಲ್ಲೂ ಕಂಡಿತು. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ನಿರ್ಗಮಿಸಿದಾಗ ಬಂದ ಜೆರಾರ್ಡ್ ಝರಗೋಝಾ ಆ ಋತುವನ್ನು ಹತ್ತನೆಯ ಸ್ಥಾನದಲ್ಲಿ ಮುಗಿಸಿ, ಮರುಋತುವಿನಲ್ಲಿ ಫೈನಲ್ ಆಡಿಸಿದರು. ಋತುವಿನ ನಡುವೆ ಬಂದವರನ್ನು ಆ ವರ್ಷದ ಸೋಲಿಗೆ ಯಾರೂ ಹೊಣೆ ಮಾಡುವುದಿಲ್ಲ. ಅದಕ್ಕಿಂತ ದೊಡ್ಡ ಆಸರೆ ಲೀಗಿನ ರಚನೆಯಲ್ಲೇ ಇತ್ತು: 2024–25ರವರೆಗೆ ಕೊನೆಯಾದ ತಂಡವೂ ಕೆಳ ಲೀಗಿಗೆ ಇಳಿಯಲಿಲ್ಲ. ಯುರೋಪಿನಲ್ಲಿ ಕೋಚ್‌ಗಳ ನಿದ್ದೆಗೆಡಿಸುವ ಹಿಂಬಡ್ತಿಯ ಭಯವಿಲ್ಲದ ಮೇಲೆ ಪಾತಾಳಕ್ಕೂ ನೆಲವಿದ್ದಂತೆ. ಅದರ ಜೊತೆಗೆ ಬ್ಲಾಸ್ಟರ್ಸ್ ಅಭಿಮಾನಿಗಳು ತುಂಬುವ ಕೊಚ್ಚಿಯ ಹಳದಿ ಗ್ಯಾಲರಿಯ ಸೆಳೆತ.

ಭಾರತೀಯ ಕೋಚ್‌ಗಳಿಗೆ ಈ ಬಾಗಿಲು ಕಿರಿದು. ಉನ್ನತ ದರ್ಜೆಯ ಪ್ರೊ ಲೈಸೆನ್ಸ್ ಇದ್ದವರು ಕಡಿಮೆ. ಸಾಮಾನ್ಯವಾಗಿ ಅವರ ಪಾಲಿಗೆ ಬಂದದ್ದು ಹಂಗಾಮಿ ಹೊಣೆ. ಬೆಂಗಳೂರಿನಲ್ಲಿ ನೌಷಾದ್ ಮೂಸಾ, ಕೊಚ್ಚಿಯಲ್ಲಿ ಟಿ.ಜಿ. ಪುರುಷೋತ್ತಮನ್ ಹೀಗೆ ನಿಂತವರು. ಖಾಲಿದ್ ಜಮೀಲ್ ಹಾದಿ ಬೇರೆ. ಹಿಂಬಡ್ತಿ ಪಡೆದು ಮತ್ತೆ ಸೇರ್ಪಡೆಯಾಗಿದ್ದ ಐಜಾಲ್ ತಂಡವನ್ನು ವಹಿಸಿಕೊಂಡು 2017ರಲ್ಲಿ ಐ-ಲೀಗ್ ಗೆಲ್ಲಿಸಿದರು. ರಾಷ್ಟ್ರೀಯ ತಂಡ ಫಿಫಾ ಪಟ್ಟಿಯಲ್ಲಿ 133ಕ್ಕೆ ಕುಸಿದ 2025ರಲ್ಲಿ ಅದರ ಕೋಚ್ ಹುದ್ದೆಗೆ 170 ಅರ್ಜಿಗಳು ಬಂದವು, ಆಯ್ಕೆಯಾದವರು ಅವರೇ.

ಅದೇ ವರ್ಷದ ಜುಲೈಯಲ್ಲಿ, ವಾಣಿಜ್ಯ ಒಪ್ಪಂದದ ನವೀಕರಣವಾಗದೆ ಸೂಪರ್ ಲೀಗ್ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿತು. ಕೋಚ್‌ಗಳ ಲೆಕ್ಕದಲ್ಲಿ ಅಂಕಪಟ್ಟಿಗಿಂತ ಸಂಬಳದ ದಿನಾಂಕ ಮತ್ತೆ ಮುಂದೆ ಬಂತು.