ಬೆನ್ನುಮೂಳೆ, ಮಹಾಮಾರಿ ಮತ್ತು ಒಂದು ಅಂಕಿ

ದೂರದರ್ಶನದ ತೆರೆಯ ಮೇಲೆ ಒಂದು ಅಂಕಿಯನ್ನು ಮೂಡಿಸುವುದು ಬಲು ಸುಲಭ. ದೊಡ್ಡ ಅಕ್ಷರಗಳಲ್ಲಿ ಐದು ಸೆಕೆಂಡು ನಿಲ್ಲಿಸಿದರೆ ಸಾಕು, ನೋಡುವವರು ನಂಬಿಬಿಡುತ್ತಾರೆ. ಆದ್ದರಿಂದಲೇ ಕಾರ್ಯಕ್ರಮ ಸಿದ್ಧಪಡಿಸುವ ನಾವು ಪ್ರತಿಯೊಂದು ಅಂಕಿಗೂ ಮೂರು ಪ್ರಶ್ನೆ ಹಾಕಬೇಕಾಗುತ್ತದೆ. ಎಣಿಸಿದವರು ಯಾರು? ಯಾರನ್ನು ಎಣಿಸಿದರು? ಯಾರನ್ನು ಬಿಟ್ಟರು? ಈ ಪ್ರಶ್ನೆಗಳನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೈರೊಪ್ರ್ಯಾಕ್ಟಿಕ್ ಪದ್ಧತಿಯ ಇತಿಹಾಸದಲ್ಲಿ ಒಂದು ಒಳ್ಳೆಯ ನಿದರ್ಶನವಿದೆ.

ಕೈರೊಪ್ರ್ಯಾಕ್ಟಿಕ್ ಎಂದರೆ ಗ್ರೀಕ್ ಮೂಲದಲ್ಲಿ ‘ಕೈಯಿಂದ ಮಾಡಿದ್ದು’ ಎಂದರ್ಥ. ಔಷಧಿಯಿಲ್ಲದೆ, ಶಸ್ತ್ರಚಿಕಿತ್ಸೆಯಿಲ್ಲದೆ, ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ಪದ್ಧತಿ ಇದು. 1895ರಲ್ಲಿ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿ ಡಿ.ಡಿ. ಪಾಮರ್ ಎಂಬಾತ ಇದನ್ನು ಆರಂಭಿಸಿದ. ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿದಾಗ ಅವನ ಕಿವುಡು ಹೋಯಿತು ಎಂಬುದು ಪಾಮರನ ಹೇಳಿಕೆ. ಶ್ರವಣದ ನರ ಬೆನ್ನುಮೂಳೆಯ ಮೂಲಕ ಹಾದುಹೋಗುವುದಿಲ್ಲ ಎಂಬುದನ್ನು ಜೀವಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಆದರೂ ಪಾಮರ್ ಮುಂದುವರಿದು, ನೂರಕ್ಕೆ ತೊಂಬತ್ತೈದು ಕಾಯಿಲೆಗಳಿಗೆ ಸ್ಥಾನಪಲ್ಲಟಗೊಂಡ ಬೆನ್ನೆಲುಬೇ ಕಾರಣ ಎಂದು ಸಾರಿದ.

ಬಹುಬೇಗ ಈ ವೃತ್ತಿಯಲ್ಲಿ ಎರಡು ಪಂಥಗಳಾದವು. ಪಾಮರನ ಮಗ ಬಿ.ಜೆ. ಪಾಮರ್ ಮುಂದಾಳಾಗಿದ್ದ ಪಂಥದವರು ತಮ್ಮನ್ನು ‘ನೇರ’ ಮಾರ್ಗದವರು ಎಂದುಕೊಂಡರು. ದೇಹದೊಳಗೆ ಒಂದು ಜನ್ಮಸಿದ್ಧ ಚೈತನ್ಯವಿದೆ, ಬೆನ್ನುಮೂಳೆ ಸರಿಯಿದ್ದರೆ ಅದು ತಾನೇ ರೋಗವನ್ನು ಓಡಿಸುತ್ತದೆ ಎಂಬುದು ಇವರ ನಂಬಿಕೆ. ಇನ್ನೊಂದು ಪಂಥದವರು ಶಾಖ, ನೀರು, ವಿದ್ಯುತ್ತು, ಪಥ್ಯ ಮುಂತಾದ ಬೇರೆ ಚಿಕಿತ್ಸೆಗಳನ್ನೂ ಬಳಸಿದರು. ಇವರಿಗೆ ‘ಬೆರಕೆಯವರು’ ಎಂಬ ಅಡ್ಡಹೆಸರು ಬಿತ್ತು.

ಇಂಥ ಹೊತ್ತಿನಲ್ಲಿ ಬಂದದ್ದು 1918ರ ಇನ್‌ಫ್ಲುಯೆಂಜಾ ಮಹಾಮಾರಿ. ಅಮೆರಿಕದಲ್ಲಿ ಸುಮಾರು 6,75,000 ಜನ ಸತ್ತರು. ನಮ್ಮ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಅಂದಿನ ವೈದ್ಯರ ಕೈಯೂ ಬರಿದಾಗಿತ್ತೆಂಬುದನ್ನು ಮರೆಯಬಾರದು. ರೋಗಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದೇ ಬಹುಮಂದಿ ತಿಳಿದಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸು ಪತ್ತೆಯಾದದ್ದು 1933ರಲ್ಲಿ. ಆ್ಯಂಟಿಬಯಾಟಿಕ್ ಇನ್ನೂ ಬಂದಿರಲಿಲ್ಲ. ಆಸ್ಪಿರಿನ್ನನ್ನು ಮಿತಿಮೀರಿ ಕೊಟ್ಟದ್ದೂ ಉಂಟು. ಜನ ಬೇರೆ ಬಾಗಿಲು ತಟ್ಟಿದ್ದರಲ್ಲಿ ಆಶ್ಚರ್ಯವೇನಿದೆ?

ಆ ದಿನಗಳ ಬಗ್ಗೆ ಕೈರೊಪ್ರ್ಯಾಕ್ಟಿಕ್ ವಲಯದಲ್ಲಿ ಒಂದು ಲೆಕ್ಕ ಪ್ರಚಾರಕ್ಕೆ ಬಂತು. ಡೇವನ್‌ಪೋರ್ಟಿನಲ್ಲಿ ವೈದ್ಯರು ನೋಡಿದ ರೋಗಿಗಳು 4,953, ಸತ್ತವರು 274. ಕೈರೊಪ್ರ್ಯಾಕ್ಟರುಗಳು ನೋಡಿದವರು 1,635, ಸತ್ತವನು ಒಬ್ಬನೇ! ಭಾಗಿಸಿ ನೋಡಿ: ಒಂದು ಕಡೆ ನೂರಕ್ಕೆ ಐದಕ್ಕೂ ಹೆಚ್ಚು, ಇನ್ನೊಂದು ಕಡೆ ಸಾವಿರಕ್ಕೆ ಒಂದೂ ಇಲ್ಲ. ಎಂಥವರನ್ನೂ ಬೆರಗುಗೊಳಿಸುವ ಅಂತರವಿದು. ಆ ಕಾಲದಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದರೆಂದು ಎಷ್ಟೋ ಕೈರೊಪ್ರ್ಯಾಕ್ಟರುಗಳು ಜೈಲು ಸೇರುತ್ತಿದ್ದರು. ಕಾನೂನಿನ ಮಾನ್ಯತೆಗಾಗಿ ಹೋರಾಡುತ್ತಿದ್ದ ವೃತ್ತಿಗೆ ಇಂಥ ಅಂಕಿಗಳು ಬಲವಾದ ಆಯುಧಗಳಾದವು. 1922ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಈ ಪದ್ಧತಿಗೆ ಮಾನ್ಯತೆ ಕೊಟ್ಟರು.

ಈಗ ನಮ್ಮ ಮೂರು ಪ್ರಶ್ನೆಗಳನ್ನು ಕೇಳೋಣ. ಈ ಲೆಕ್ಕವನ್ನು ಸಾರಿದವರು ಅದರಿಂದ ಲಾಭವಿದ್ದವರೇ. ಎರಡೂ ಕಡೆಯ ರೋಗಿಗಳು ಸಮಾನವಾಗಿ ಪೀಡಿತರಾಗಿದ್ದರೇ? ನಡೆದುಹೋಗಿ ಬೆನ್ನು ಒತ್ತಿಸಿಕೊಳ್ಳುವಷ್ಟು ತ್ರಾಣವಿದ್ದವರು ಒಂದು ಕಡೆ, ಉಸಿರು ಕಟ್ಟಿ ಹಾಸಿಗೆ ಹಿಡಿದವರು ಇನ್ನೊಂದು ಕಡೆ ಸೇರಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ವೈರಸ್ಸನ್ನು ಗುರುತಿಸುವ ಪರೀಕ್ಷೆ ಇಲ್ಲದಾಗ ಬರಿಯ ನೆಗಡಿಯೂ ಇನ್‌ಫ್ಲುಯೆಂಜಾ ಲೆಕ್ಕಕ್ಕೆ ಸೇರಬಹುದಿತ್ತು. ಕೈರೊಪ್ರ್ಯಾಕ್ಟರ ಬಳಿ ಹೋಗಿ, ಕಾಯಿಲೆ ಉಲ್ಬಣಿಸಿದ ಮೇಲೆ ವೈದ್ಯರನ್ನು ಕರೆಸಿದವನು ಸತ್ತರೆ, ಆ ಸಾವು ಯಾರ ಪಟ್ಟಿಗೆ? ಇದಾವುದಕ್ಕೂ ಆ ಅಂಕಿಯಲ್ಲಿ ಉತ್ತರವಿಲ್ಲ.

ನೂರು ವರ್ಷಗಳ ಅನಂತರ ಅದೇ ನಾಟಕದ ಎರಡನೆಯ ಅಂಕ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ರೋಗವನ್ನು ಮಹಾಮಾರಿ ಎಂದು ಘೋಷಿಸಿತು. ಅದೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಕೈರೊಪ್ರ್ಯಾಕ್ಟರ್ಸ್ ಅಸೋಸಿಯೇಷನ್ ಎರಡು ವರದಿಗಳನ್ನು ಹೊರತಂದು, ಈ ಚಿಕಿತ್ಸೆ ದೇಹದ ರೋಗನಿರೋಧ ವ್ಯವಸ್ಥೆಯ ಮೇಲೆ ಪರಿಣಾಮ ಬೀರಬಲ್ಲದು ಎಂದು ವಾದಿಸಿತು. ಈ ಸಂಘದ ಮೂಲ 1926ರಲ್ಲಿ ಬಿ.ಜೆ. ಪಾಮರ್ ಕಟ್ಟಿದ ಸಂಸ್ಥೆ ಎಂಬುದು ಗಮನಾರ್ಹ. 1918ರ ಹಳೆಯ ಅಂಕಿಗಳನ್ನೂ ಕೆಲವರು ಮತ್ತೆ ಹೊರತೆಗೆದರು.

ಆದರೆ ಈ ಬಾರಿ ಪ್ರಶ್ನೆ ಹೊರಗಿನವರಿಂದ ಮಾತ್ರ ಬರಲಿಲ್ಲ, ಮನೆಯೊಳಗಿನಿಂದಲೇ ಬಂತು. ವರ್ಲ್ಡ್ ಫೆಡರೇಷನ್ ಆಫ್ ಕೈರೊಪ್ರ್ಯಾಕ್ಟಿಕ್ ಲಭ್ಯವಿದ್ದ ಅಧ್ಯಯನಗಳನ್ನು ಪರಿಶೀಲಿಸಿ, ಬೆನ್ನುಮೂಳೆ ಒತ್ತುವುದರಿಂದ ರೋಗನಿರೋಧ ಶಕ್ತಿ ಹೆಚ್ಚುತ್ತದೆಂಬುದಕ್ಕೆ ನಂಬಲರ್ಹ ಸಾಕ್ಷ್ಯವಿಲ್ಲ ಎಂದು ಅದೇ ಮಾರ್ಚಿನಲ್ಲಿ ಹೇಳಿತು. ಅದೇ ವರ್ಷ ಈ ಕ್ಷೇತ್ರದ ನೂರಕ್ಕೂ ಹೆಚ್ಚು ಸಂಶೋಧಕರು ಒಟ್ಟಾಗಿ ಸಹಿ ಹಾಕಿ, ಆ ಎರಡು ವರದಿಗಳ ವಾದ ವಿಜ್ಞಾನವಲ್ಲ, ವಿಜ್ಞಾನದ ಸೋಗು ಎಂದು ತಮ್ಮದೇ ಕ್ಷೇತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ರಕ್ತದಲ್ಲಿನ ಒಂದು ರಾಸಾಯನಿಕದ ಮಟ್ಟ ಸ್ವಲ್ಪ ಹೊತ್ತು ಏರಿಳಿಯುವುದು ಬೇರೆ, ಮನುಷ್ಯ ಸೋಂಕಿನಿಂದ ಪಾರಾಗುವುದು ಬೇರೆ ಎಂಬುದು ಇಲ್ಲಿ ತಿಳಿಯಬೇಕಾದ ಸೂಕ್ಷ್ಮ.

ಬೆನ್ನುನೋವಿಗೆ ಈ ಚಿಕಿತ್ಸೆಯಿಂದ ಕೆಲವರಿಗೆ ಸ್ವಲ್ಪಮಟ್ಟಿನ ಉಪಶಮನ ಸಿಗುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಬೆನ್ನುನೋವಿನ ಮಟ್ಟಿಗೆ ನಿಜವಾದದ್ದನ್ನು ಸೋಂಕಿಗೂ ಎಳೆದಾಗ ತಪ್ಪು ಹುಟ್ಟುತ್ತದೆ. ತನಗೆ ರಕ್ಷಣೆ ಇದೆಯೆಂದು ನಂಬಿದವನು ಅಂತರ ಕಾಯುವುದನ್ನು, ಮುಸುಕು ಧರಿಸುವುದನ್ನು ಬಿಟ್ಟುಬಿಡಬಹುದು. ಅವನ ನಂಬಿಕೆಗೆ ಅವನ ಮನೆಯ ಮುದುಕರು ಬೆಲೆ ತೆರಬೇಕಾದೀತು.

ನಾವು ಸೇರಿರುವ ಗುಂಪಿನ ತಪ್ಪನ್ನು ನಾವೇ ಎತ್ತಿ ತೋರಿಸುವುದು ಸುಲಭವಲ್ಲ. 2020ರಲ್ಲಿ ಆ ಸಂಶೋಧಕರು ಅದನ್ನು ಮಾಡಿದರು. ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ನಿಮ್ಮ ಮನೆಯ ಫೋನಿಗೆ ಒಂದು ಬೆರಗಿನ ಅಂಕಿ ಬಂದಾಗ, ಅದನ್ನು ನಿಮ್ಮ ಪ್ರೀತಿಯ ಹಿರಿಯರೇ ಕಳಿಸಿದ್ದರೂ, ಆ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳುತ್ತೀರಾ?