ಬೊಕ್ಕಸವೂ ಕಾಲುವೆಯೂ: ಶ್ರೀರಂಗಪಟ್ಟಣದ ಸೀಮೆಯ ತೆರಿಗೆಯ ಚರಿತ್ರೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರಂಗನಾಥನ ಗೋಪುರ, ಮೇಲುಕೋಟೆಯ ಬೆಟ್ಟ, ಹೊಸಹೊಳಲು ಕಿಕ್ಕೇರಿಗಳ ಹೊಯ್ಸಳ ಗುಡಿಗಳು, ನಾಗಮಂಗಲದ ಸೌಮ್ಯಕೇಶವ, ಕನ್ನಂಬಾಡಿಯ ಕಟ್ಟೆ. ಆದರೆ ಇದೇ ಸೀಮೆಯ ಶಿಲಾಶಾಸನಗಳನ್ನು ಓದುತ್ತ ಹೋದರೆ ದೇವರ ಹೆಸರಿನಷ್ಟೇ ಸಲ, ಅರಸರ ಹೆಸರಿಗಿಂತಲೂ ಹೆಚ್ಚು ಸಲ, ನಮಗೆ ಎದುರಾಗುವುದು ತೆರಿಗೆಯ ಹೆಸರು. ಸಿದ್ಧಾಯ, ಹೆಜ್ಜುಂಕ, ಮಗ್ಗದೆರೆ, ಗಾಣದೆರೆ, ಮನೆದೆರೆ, ಮದುವೆಯ ಸುಂಕ ಎಂದು ಆ ಪಟ್ಟಿ ಬೆಳೆಯುತ್ತದೆ. ಪಾಂಡವಪುರ ತಾಲ್ಲೂಕಿನ ಸುಂಕಾತೊಣ್ಣೂರು ಎಂಬ ಊರಿನ ಹೆಸರಿನ ಮೊದಲಲ್ಲಿಯೇ ಸುಂಕವೆಂಬ ಮಾತು ಕುಳಿತಿದೆ. ಯುದ್ಧಗಳು ವರ್ಷಕ್ಕೊಮ್ಮೆಯೋ ಹತ್ತು ವರ್ಷಕ್ಕೊಮ್ಮೆಯೋ ಬರುತ್ತಿದ್ದವು. ತೆರಿಗೆಯಾದರೋ ಪ್ರತಿ ಸುಗ್ಗಿಗೂ ಬರುತ್ತಿತ್ತು. ಆದುದರಿಂದ ಪ್ರಜೆಯು ಅರಸೊತ್ತಿಗೆಯನ್ನು ಅರಿತದ್ದು ಕತ್ತಿಯ ಮೂಲಕವಲ್ಲ, ಕಂದಾಯದ ಮೂಲಕ.

ಶರಣಪರಂಪರೆಗೆ ಈ ವಿಷಯವು ಹೊರಗಿನದಲ್ಲ. ಅಣ್ಣ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ರಾಜ್ಯದ ಹಣವನ್ನು ಎಣಿಸಿ ಇಡುವ ಕಾಯಕ ಅವರದಾಗಿತ್ತು. ಭಂಡಾರದ ಹಣವನ್ನು ಜಂಗಮದಾಸೋಹಕ್ಕೆ ಬಳಸಿದರೆಂಬ ದೂರು ಅವರ ಮೇಲೆ ಬಂದಿತೆಂದೂ, ಲೆಕ್ಕ ನೋಡಿದಾಗ ಒಂದು ಕಾಸೂ ಕಡಿಮೆಯಾಗಿರಲಿಲ್ಲವೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಆ ಕಥೆಯಲ್ಲಿನ ಪವಾಡವನ್ನು ಬದಿಗಿರಿಸಿದರೂ ಒಂದು ನೀತಿ ಉಳಿಯುತ್ತದೆ: ಸಾರ್ವಜನಿಕ ಹಣವನ್ನು ಮುಟ್ಟುವವನು ಲೆಕ್ಕ ಕೊಡಲು ಸಿದ್ಧನಾಗಿರಬೇಕು. ಶರಣರ ಸಮೂಹದಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದನು. ಸುಂಕ ವಸೂಲಿಯೇ ಅವನ ಕಾಯಕ. ಸುಂಕವನ್ನು ಎತ್ತುವ ಕೈಯೂ ಶುದ್ಧವಾಗಿರಬಹುದೆಂಬುದನ್ನು ನಮ್ಮ ಹಿರಿಯರು ಒಪ್ಪಿದ್ದರು. ಅವರ ಆಕ್ಷೇಪ ಸುಂಕದ ಮೇಲಲ್ಲ, ಅನ್ಯಾಯದ ಮೇಲೆ.

ಹೊಯ್ಸಳರ ಮತ್ತು ವಿಜಯನಗರದ ಕಾಲದ ಶಾಸನಗಳಲ್ಲಿ ತೆರಿಗೆಯನ್ನು ಹಾಕಿದ ಸಂಗತಿಗಿಂತ ಬಿಟ್ಟ ಸಂಗತಿಯೇ ಹೆಚ್ಚಾಗಿ ಕಾಣುತ್ತದೆ. ಹಾಕಿದ್ದನ್ನು ಕಡತದಲ್ಲಿ ಬರೆಯುತ್ತಿದ್ದರು, ಬಿಟ್ಟದ್ದನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ಸದಾಶಿವರಾಯನ ಕಾಲದಲ್ಲಿ ನಾವಿದರ ಮೇಲಿನ ತೆರಿಗೆಯನ್ನು ಬಿಟ್ಟಾಗ ಆ ಸುದ್ದಿಯನ್ನು ಊರೂರುಗಳಲ್ಲಿ ಕಲ್ಲು ನಿಲ್ಲಿಸಿ ಸಾರಲಾಯಿತು. ಒಂದು ಸಣ್ಣ ಕಸುಬಿನವರಿಗೆ ದೊರೆತ ಬಿಡುಗಡೆಯನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಯಿತೆಂದರೆ ಆ ತೆರಿಗೆಯ ಭಾರ ಎಷ್ಟಿತ್ತೆಂಬುದನ್ನು ನಾವೇ ಊಹಿಸಿಕೊಳ್ಳಬಹುದು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅದು ಮೈಸೂರಿನ ರಾಜಧಾನಿಯಾಯಿತು. 1799ರವರೆಗೂ ಹಾಗೆಯೇ ಉಳಿಯಿತು. ನಾಡಿನ ಹಣವೆಲ್ಲ ಹರಿದುಬಂದು ಸೇರುತ್ತಿದ್ದುದು ಈ ದ್ವೀಪಕ್ಕೆ. ಕಂಠೀರವ ನರಸರಾಜ ಒಡೆಯರು ಇಲ್ಲಿ ಟಂಕಸಾಲೆಯನ್ನಿಟ್ಟು ಕಂಠೀರಾಯಿ ಹಣವನ್ನು ಹೊರಡಿಸಿದರು. ಬಂಗಾರದೊಡ್ಡಿಯ ನಾಲೆಯ ಕೀರ್ತಿಯೂ ಅವರಿಗೇ ಸಲ್ಲುತ್ತದೆ. ನಾಣ್ಯವೂ ನಾಲೆಯೂ ಒಬ್ಬ ಅರಸರ ಹೆಸರಿನಲ್ಲಿ ಕೂಡಿರುವುದು ಗಮನಿಸತಕ್ಕ ಮಾತು. ಆ ನಾಣ್ಯವನ್ನು ಇಂದು ವಸ್ತುಸಂಗ್ರಹಾಲಯದಲ್ಲಿ ನೋಡಬೇಕು. ನಾಲೆಯಾದರೋ ಇಂದಿಗೂ ಹರಿಯುತ್ತಿದೆ.

ಇನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ವಿಚಾರ. ನಮ್ಮ ಸಮಾಜದವರಿಗೆ ಈ ಹೆಸರನ್ನು ಸಮಚಿತ್ತದಿಂದ ಉಚ್ಚರಿಸುವುದು ಕಷ್ಟ. ಆದರೂ ಇತಿಹಾಸವನ್ನು ಬರೆಯುವವನು ಎರಡು ತಟ್ಟೆಯನ್ನೂ ತೂಗಬೇಕು. ಅವರು ಸಮರ್ಥ ಆಡಳಿತಗಾರರು. ಕಚೇರಿಗಳನ್ನು ಹದಿನೆಂಟಾಗಿ ವಿಂಗಡಿಸಿದರು. ಬೆಂಗಳೂರಿನ ಅಠಾರಾ ಕಚೇರಿಯ ಹೆಸರಿನಲ್ಲಿ ಆ ನೆನಪು ಇಂದಿಗೂ ಉಳಿದಿದೆ. ಅಂಚೆಯನ್ನು ಏರ್ಪಡಿಸಿದರು. ಕಾವೇರಿಗೆ ಕಟ್ಟೆ ಕಟ್ಟಿಸಿ ತಮ್ಮ ಹೆಸರಿನ ನಾಲೆಯನ್ನು ಹರಿಸಿದರು. ಇದು ಒಂದು ತಟ್ಟೆ.

ಇನ್ನೊಂದು ತಟ್ಟೆಯಲ್ಲಿ ಅವರ ಬೊಕ್ಕಸವಿದೆ. ‘ನವಕೋಟಿ ನಾರಾಯಣ’ ಎಂಬ ಬಿರುದು ಅವರಿಗೆ ಬಂದದ್ದು ಆ ಬೊಕ್ಕಸದಿಂದಲೇ. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ, ಸಾವಿರ ವರಹಗಳ ಎರಡು ಚೀಲಗಳನ್ನು ಖಜಾನೆಗೆ ಸೇರಿಸಿದ ಹೊರತು ಈ ಅರಸರು ಬೆಳಗಿನ ಆಹಾರವನ್ನು ಮುಟ್ಟುತ್ತಿರಲಿಲ್ಲವೆಂದು ಬರೆಯುತ್ತಾನೆ. ಭೂಮಿಯ ಫಲದಲ್ಲಿ ಆರನೆಯ ಒಂದು ಪಾಲು ಅರಸನದೆಂಬುದು ಶಾಸ್ತ್ರದ ಮಾತು. ಆ ಪಾಲನ್ನು ಬಹಿರಂಗವಾಗಿ ಹೆಚ್ಚಿಸಿದರೆ ಅಪಕೀರ್ತಿ ಬರುವುದೆಂದು ಅದನ್ನು ಹಾಗೆಯೇ ಇಟ್ಟು, ಅದರ ಸುತ್ತ ಸಣ್ಣಸಣ್ಣ ತೆರಿಗೆಗಳನ್ನು ಹೆಣೆದರು. ಧಾನ್ಯದಲ್ಲಿ ಪಾಲಿರುವಂತೆ ಹುಲ್ಲಿನಲ್ಲಿಯೂ ಅರಮನೆಗೆ ಪಾಲಿದೆಯೆಂದು ಹುಲ್ಲುಹಣ. ನಾಣ್ಯದ ಸವಕಳಿಯ ನೆಪದಲ್ಲಿ ದೇವರಾಯವಟ್ಟ. ಹೀಗೆ ಒಂದೊಂದಕ್ಕೂ ಒಂದೊಂದು ಹೆಸರು. ಹೆಸರು ಸಣ್ಣದು, ಹಣವೂ ಸಣ್ಣದು. ಎಲ್ಲವೂ ಕೂಡಿದಾಗ ಒಕ್ಕಲಿಗನ ಬೆನ್ನು ಬಾಗಿತು.

ರೈತರು ನೇಗಿಲನ್ನು ಊರಬಾಗಿಲ ಮರಕ್ಕೆ ತೂಗುಹಾಕಿದರು. ಇನ್ನು ಉಳುವುದಿಲ್ಲ, ಬೇಕಾದರೆ ಊರು ಬಿಡುತ್ತೇವೆ ಎಂಬುದು ಅದರ ಅರ್ಥ. ಜಂಗಮರು ಅವರ ಬೆನ್ನಿಗೆ ನಿಂತರು. ಹಳ್ಳಿಹಳ್ಳಿಗೂ ಕಾಲ್ನಡೆಯಲ್ಲಿ ತಿರುಗುತ್ತಿದ್ದ ಜಂಗಮನಿಗೆ ಯಾವ ಮನೆಯ ಒಲೆ ಹೊತ್ತಿಲ್ಲವೆಂಬುದು ಅರಮನೆಗಿಂತ ಮೊದಲೇ ತಿಳಿಯುತ್ತಿತ್ತು. ಅನಂತರ ನಡೆದುದನ್ನು ವಿಲ್ಕ್ಸ್ ಹೀಗೆ ಹೇಳುತ್ತಾನೆ: ಅರಸರು ಜಂಗಮರನ್ನು ನಂಜನಗೂಡಿಗೆ ಆಹ್ವಾನಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿ ನಾನೂರು ಮಂದಿಯನ್ನು ಕೊಲ್ಲಿಸಿದರು, ಏಳುನೂರಕ್ಕೂ ಮಿಕ್ಕ ಮಠಗಳನ್ನು ನೆಲಸಮ ಮಾಡಿಸಿದರು. ವಿಲ್ಕ್ಸ್ ಬರೆದದ್ದು ಘಟನೆಯಾಗಿ ನೂರು ವರ್ಷಗಳಾದ ಮೇಲೆ, ಕೇಳಿದ ಮಾತನ್ನು ಆಧರಿಸಿ. ಆದಕಾರಣ ಆ ಸಂಖ್ಯೆಗಳನ್ನು ಎಣಿಸಿ ಬರೆದವೆಂದು ನಂಬಲಾಗದು. ದಂಗೆಯೆದ್ದುದೂ ಅದನ್ನು ಕ್ರೂರವಾಗಿ ಅಡಗಿಸಿದುದೂ ನಾಡಿನ ನೆನಪಿನಲ್ಲಿ ಉಳಿದಿವೆ. ಅರಸರ ಮಂತ್ರಿ ವಿಶಾಲಾಕ್ಷ ಪಂಡಿತನು ಅನಂತರ ಕೊಲೆಗೀಡಾದನು. ಆ ಸೇಡು ಜಂಗಮರದೇ ಎಂದು ಅದೇ ವಿಲ್ಕ್ಸ್ ಬರೆದಿದ್ದಾನೆ. ಅವನ ಮೊದಲ ಮಾತನ್ನು ಎತ್ತಿಹಿಡಿದು ಎರಡನೆಯದನ್ನು ಮುಚ್ಚಿಡುವುದು ನ್ಯಾಯವಲ್ಲ.

ಈ ಪ್ರಸಂಗವನ್ನು ನಮ್ಮವರು ಸಾಮಾನ್ಯವಾಗಿ ಮತದ್ವೇಷದ ಕಥೆಯೆಂದು ಹೇಳುತ್ತ ಬಂದಿದ್ದಾರೆ. ನಾವು ಅದನ್ನು ಮೊದಲಿಗೆ ತೆರಿಗೆಯ ಕಥೆಯೆಂದು ಓದುತ್ತೇವೆ. ಜಂಗಮರು ಅಂದು ಎದ್ದುನಿಂತದ್ದು ತಮ್ಮ ಮಠದ ಮಾನ್ಯಕ್ಕಾಗಿ ಅಲ್ಲ, ರೈತನ ಹುಲ್ಲುಹಣಕ್ಕಾಗಿ. ಮತದ್ವೇಷದ ಕಥೆಯೆಂದಷ್ಟೇ ತಿಳಿದರೆ ನಮ್ಮಲ್ಲಿ ಕೋಪ ಮಾತ್ರ ಉಳಿಯುತ್ತದೆ. ತೆರಿಗೆಯ ಕಥೆಯೆಂದು ತಿಳಿದರೆ ಒಂದು ಕರ್ತವ್ಯವೂ ಉಳಿಯುತ್ತದೆ.

ಕೂಡಿಟ್ಟ ಬೊಕ್ಕಸವು ಯಾರನ್ನು ಕಾಪಾಡಿತು? ಒಂದು ಶತಮಾನ ಕಳೆಯುವುದರೊಳಗೆ ಅದೇ ಶ್ರೀರಂಗಪಟ್ಟಣದಲ್ಲಿ 1792ರ ಒಪ್ಪಂದವಾಯಿತು. ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಆ ಹಣದಲ್ಲಿ ಒಂದು ಕೋಟಿ ಹತ್ತು ಲಕ್ಷ ಖಜಾನೆಯಿಂದಲೂ, ಅರವತ್ತು ಲಕ್ಷ ಸೈನ್ಯದಿಂದಲೂ, ಉಳಿದ ಒಂದು ಕೋಟಿ ಅರವತ್ತು ಲಕ್ಷ ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ಬರಬೇಕೆಂದು ಗೊತ್ತುಮಾಡಲಾಯಿತೆಂದು ವಿಲ್ಕ್ಸ್ ವಿವರಿಸುತ್ತಾನೆ. ಆ ಯುದ್ಧದಲ್ಲಿ ನಾಗಮಂಗಲದ ಸೀಮೆ ಮರಾಠರ ದಂಡಿಗೆ ಸಿಕ್ಕಿ ಹಾಳಾಗಿತ್ತು. ಹಾಳಾದ ಹೊಲದವನೂ ಯುದ್ಧದ ದಂಡವನ್ನು ತೆರುವ ಪ್ರಸಂಗ ಬಂತು.

1799ರ ತರುವಾಯ ರಾಜಧಾನಿ ಮೈಸೂರಿಗೆ ಹೋಯಿತು. ಹೊಸ ಮೈಸೂರು ಕಂಪನಿಗೆ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳನ್ನು, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಕಪ್ಪವಾಗಿ ಕೊಡಬೇಕಾಯಿತು. ಅದು ಅಂದಿನ ಅಂದಾಜು ಆದಾಯದ ಅರ್ಧಕ್ಕಿಂತ ಮಿಗಿಲು. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿಯೇ ಇಟ್ಟುಕೊಂಡಿತು. ಮುಂದೆ ಅದನ್ನು ವರ್ಷಕ್ಕೆ 50,000 ರೂಪಾಯಿಗಳ ಗುತ್ತಿಗೆಗೆ ಮೈಸೂರಿಗೇ ಕೊಟ್ಟಿತು. ತಮ್ಮ ಹಳೆಯ ರಾಜಧಾನಿಗೆ ತಾವೇ ಬಾಡಿಗೆ ತೆರುವ ಸ್ಥಿತಿ 1881ರವರೆಗೂ ಇತ್ತು. ಇಂತಹ ಇಕ್ಕಟ್ಟಿನಲ್ಲಿಯೂ ದಿವಾನ್ ಪೂರ್ಣಯ್ಯನವರು 1804ರ ವೇಳೆಗೆ ಕಾವೇರಿಗೆ ಕಲ್ಲುಕಂಬಗಳ ಸೇತುವೆಯನ್ನು ಕಟ್ಟಿಸಿದರು. ಖಜಾನೆಯಲ್ಲಿ ಹಣವನ್ನೂ ಉಳಿಸಿದರು. ಅವರ ತರುವಾಯ ಇಂತಿಷ್ಟು ಹಣವನ್ನು ಎತ್ತಿಯೇ ಎತ್ತುತ್ತೇನೆಂದು ಅಮಲ್ದಾರರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ಬಲವಾಯಿತು. ಎಷ್ಟು ಎತ್ತಿದನೆಂದು ಕೇಳಿದರಲ್ಲದೆ ಹೇಗೆ ಎತ್ತಿದನೆಂದು ಯಾರೂ ಕೇಳಲಿಲ್ಲ. 1830ರಲ್ಲಿ ನಗರದ ರೈತರು ದಂಗೆಯೆದ್ದರು. 1831ರಲ್ಲಿ ರಾಜ್ಯದ ಆಡಳಿತ ಬ್ರಿಟಿಷರ ಕೈಸೇರಿತು. ಕ್ರೂರವಾದ ತೆರಿಗೆ ಅರಸನಿಗೆ ರಾಜ್ಯವನ್ನೇ ತಪ್ಪಿಸಿತು.

1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಾಹೇಬರ ಕಾಲದಲ್ಲಿ 769 ಬಗೆಯ ಸಣ್ಣ ತೆರಿಗೆಗಳನ್ನು ತೆಗೆದುಹಾಕಲಾಯಿತು. ಓದುಗರು ಈ ಸಂಖ್ಯೆಯನ್ನು ಇನ್ನೊಮ್ಮೆ ಗಮನಿಸಬೇಕು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಹಳ್ಳಿಯವರು ತಮ್ಮ ಪೂರ್ವಿಕರು ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತೆರಿಗೆ ತೆರುತ್ತಿದ್ದರು. ನಗರದ ಸೀಮೆಯಲ್ಲಿ ಒಂದು ಸ್ಥಳವನ್ನು ಕೈಗಳನ್ನು ಪಕ್ಕಕ್ಕೆ ಒತ್ತಿಕೊಳ್ಳದೆ ದಾಟಿದವನು ಹಣ ತೆರಬೇಕಾಗಿತ್ತು. ಇವೆಲ್ಲವೂ ಸರ್ಕಾರದ ಕಡತಗಳಲ್ಲಿ ಕ್ರಮಬದ್ಧವಾಗಿ ದಾಖಲಾಗಿದ್ದ ಆದಾಯಗಳು! ಹುಟ್ಟಿದ ಕಾರಣ ಸತ್ತರೂ ತೆರಿಗೆ ಮಾತ್ರ ಸಾಯದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಇಷ್ಟನ್ನೂ ತೆಗೆದ ಮೇಲೆ ಬೊಕ್ಕಸ ಬರಿದಾಯಿತೇ? ಇಲ್ಲ. ಕಬ್ಬನ್ನರ ಅವಧಿಯಲ್ಲಿ ರಾಜ್ಯದ ಆದಾಯ 44 ಲಕ್ಷದಿಂದ 82 ಲಕ್ಷ ರೂಪಾಯಿಗಳಿಗೆ ಏರಿತು. ಶಾಂತಿ ನೆಲಸಿದ್ದು, ರಸ್ತೆಗಳಾದದ್ದು, ಸುಂಕದ ಕಟ್ಟೆಗಳ ಕಾಟ ಕಡಿಮೆಯಾಗಿ ವ್ಯಾಪಾರ ಚೇತರಿಸಿದ್ದು ಇದಕ್ಕೆ ಕಾರಣಗಳು. ಆ ಆಡಳಿತ ಪರಕೀಯರದು, ಕಪ್ಪವೂ ನಿಲ್ಲಲಿಲ್ಲವೆಂಬುದನ್ನು ಮರೆಯಬೇಕಾಗಿಲ್ಲ. ಆದರೆ ಹಸುವಿನ ಕೆಚ್ಚಲು ಕೊಯ್ದವನಿಗಿಂತ ಹುಲ್ಲು ಹಾಕಿದವನಿಗೆ ಹಾಲು ಹೆಚ್ಚು ಎಂಬ ಒಕ್ಕಲುತನದ ವಿವೇಕವನ್ನು ಈ ಅಂಕಿಗಳೂ ಹೇಳುತ್ತವೆ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆ ಸಭೆಗೆ ತೆರಿಗೆಯನ್ನು ತಡೆಯುವ ಅಧಿಕಾರವಿರಲಿಲ್ಲ. ಆದರೂ ಸರ್ಕಾರವು ಆದಾಯ ವೆಚ್ಚಗಳನ್ನು ಪ್ರಜೆಗಳ ಮುಂದಿಟ್ಟು ಓದಿತು. ನೇಗಿಲನ್ನು ಮರಕ್ಕೆ ತೂಗುಹಾಕಬೇಕಾಗಿದ್ದ ಪ್ರಜೆಗೆ ಬಾಯಿಬಿಟ್ಟು ಕೇಳುವ ಸ್ಥಾನ ದೊರೆಯಿತು.

ಇನ್ನು ವೆಚ್ಚದ ಮಾತು. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಕೃಷ್ಣರಾಜಸಾಗರಕ್ಕೆ ಸುಮಾರು ಎರಡೂವರೆ ಕೋಟಿ ರೂಪಾಯಿ ಹಿಡಿಯಿತು. ಚಿಕ್ಕ ಸಂಸ್ಥಾನಕ್ಕೆ ಅದು ಮೀರಿದ ಭಾರವೆಂದು ಅಳುಕಿದವರಿದ್ದರು. ಹುಲಿಕೆರೆಯ ಸುರಂಗವನ್ನು ಹಾಯ್ದು ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಾಗ ಮಂಡ್ಯದ ಸೀಮೆ ಹಸಿರಾಯಿತು. ತೆರಿಗೆ ಹೀಗೆ ನೀರಾಗಿ ಹಿಂದಿರುಗಿದಾಗ ಅದನ್ನು ಪ್ರಜೆ ಮರೆಯುವುದಿಲ್ಲ. ಆದರೆ ನಾಗಮಂಗಲದ ಎತ್ತರದ ಬೋರೆ ನೆಲಕ್ಕೆ ಆ ನೀರು ಏರಲಿಲ್ಲ. ಕನ್ನಂಬಾಡಿಗೆ ಅವನ ಕಂದಾಯವೂ ಸೇರಿತ್ತು. ಅವನ ಹೊಲ ಮಾತ್ರ ಮಳೆಯನ್ನೇ ನೋಡುತ್ತ ಉಳಿಯಿತು. ಹೇಮಾವತಿಯ ನಾಲೆಗಳಿಗಾಗಿ ಆ ಭಾಗ ಇನ್ನೂ ಹಲವು ದಶಕ ಕಾಯಬೇಕಾಯಿತು. ತೆರಿಗೆಯನ್ನು ಎಲ್ಲರಿಂದ ಸಮನಾಗಿ ಎತ್ತುವುದು ಅರ್ಧ ನ್ಯಾಯ. ವೆಚ್ಚವನ್ನು ಸಮನಾಗಿ ಹಂಚುವುದು ಉಳಿದರ್ಧ.

ಸುಂಕದ ಕಟ್ಟೆಗಳ ಕಥೆಯೂ ಮುಗಿಯುತ್ತ ಬಂದಿದೆ. ಕರ್ನಾಟಕದಲ್ಲಿ ಪಟ್ಟಣಗಳ ಆಕ್ಟ್ರಾಯ್ 1979ರಲ್ಲಿ ರದ್ದಾಯಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳೂ ಹೋದವು. ಈಗ ತೆರಿಗೆ ವಸ್ತುವಿನ ಬೆಲೆಯೊಳಗೇ ಅಡಗಿ ಕುಳಿತಿದೆ. ಸಂತೆಯಲ್ಲಿ ಸಾಬೂನು ಕೊಳ್ಳುವ ಬಡವಳೂ ತೆರಿಗೆ ತೆರುತ್ತಾಳೆ, ತಾನು ತೆತ್ತೆನೆಂದು ಅವಳಿಗೆ ತಿಳಿಯುವುದಿಲ್ಲ. ತಿಳಿಯದೆ ತೆತ್ತವರು ಲೆಕ್ಕ ಕೇಳುವುದಾದರೂ ಹೇಗೆ? ಹುಲ್ಲುಹಣಕ್ಕಾದರೂ ಒಂದು ಹೆಸರಿತ್ತು.

ಆದಕಾರಣ ಭಕ್ತರಲ್ಲಿಯೂ ಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಮಾತು. ತೆರಿಗೆಯನ್ನು ತಪ್ಪಿಸಬೇಡಿರಿ, ಅದು ಕಾಯಕದ ಫಲದಲ್ಲಿ ಸಮಾಜಕ್ಕೆ ಸಲ್ಲುವ ದಾಸೋಹದ ಪಾಲು. ಸಲ್ಲಿಸಿದ ಮೇಲೆ ಸುಮ್ಮನೆ ಕೂಡಬೇಡಿರಿ. 1993ರ ಪಂಚಾಯತ್ ಕಾಯಿದೆಯು ಗ್ರಾಮಸಭೆಯನ್ನು ಕೊಟ್ಟಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯು ಕೇಳುವ ಬಾಯನ್ನು ಕೊಟ್ಟಿದೆ. ಊರ ಗ್ರಾಮಸಭೆಗೆ ಎಷ್ಟು ಮಂದಿ ಹೋಗುತ್ತೀರಿ? ಕೆರೆಯ ಹೂಳಿಗೆ ಬಂದ ಹಣ ಕೆರೆಗೆ ಸೇರಿತೇ ಎಂದು ಎಷ್ಟು ಮಂದಿ ಕೇಳಿದ್ದೀರಿ?

ಮಠಗಳವರಾದ ನಾವೂ ಈ ಪ್ರಶ್ನೆಯಿಂದ ಹೊರಗಿಲ್ಲ. ಅರಸರ ಕಾಲದಲ್ಲಿ ಮಠಗಳಿಗೆ ಸರ್ವಮಾನ್ಯದ ಭೂಮಿಗಳಿದ್ದವು. 1955ರ ಧಾರ್ಮಿಕ ಇನಾಮುಗಳ ರದ್ದಿಯಾತಿಯ ಕಾಯಿದೆಯಿಂದ ಅವು ಹೋದವು. ಅಂದು ಅನೇಕ ಮಠಗಳು ಮರುಗಿದವು. ಆದರೆ ಆ ಭೂಮಿಯನ್ನು ಉಳುತ್ತಿದ್ದವನು ಯಾರು, ಅವನ ಪಾಲೆಷ್ಟು ಎಂದು ನಾವು ಮೊದಲೇ ಕೇಳಿಕೊಂಡಿದ್ದರೆ ಸರ್ಕಾರ ಕೇಳುವ ಅಗತ್ಯ ಬರುತ್ತಿರಲಿಲ್ಲವೇನೋ. ಇಂದಿಗೂ ಧರ್ಮಸಂಸ್ಥೆಗಳಿಗೆ ತೆರಿಗೆಯ ವಿನಾಯಿತಿಗಳಿವೆ. ನಾವು ತೆರದ ತೆರಿಗೆಯನ್ನು ಬೇರೊಬ್ಬ ತೆರುತ್ತಾನೆ. ಆದುದರಿಂದ ಮಠಕ್ಕೆ ಬಂದ ಪ್ರತಿಯೊಂದು ರೂಪಾಯಿಯ ಲೆಕ್ಕ ಭಕ್ತರ ಮುಂದೆ ತೆರೆದಿರಬೇಕು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗೆ ಲೆಕ್ಕ ತೋರಿಸುವುದು ಅವಮಾನವೆನಿಸಲಿಲ್ಲ, ನಮಗೇಕೆ ಅವಮಾನವಾಗಬೇಕು?

ನಂಜನಗೂಡಿನಲ್ಲಿ ಮಡಿದ ಜಂಗಮರಿಗೆ ಎಷ್ಟು ಮಂದಿಯೆಂದು ಲೆಕ್ಕವಿಲ್ಲ, ಸಮಾಧಿಯಿಲ್ಲ, ಹೆಸರಿಲ್ಲ. ಬಡವನ ಹೊರೆಯನ್ನು ನೋಡಿ ಸುಮ್ಮನಿರದೆ ಮಾತನಾಡಿದ ಅವರ ಪರಂಪರೆ ಈಗ ನಮ್ಮ ಕೈಯಲ್ಲಿದೆ. ಮುಂದಿನ ಶಿವರಾತ್ರಿಯಲ್ಲಿ ಅವರನ್ನು ನೆನೆಯುವಾಗ ಕೋಪದಿಂದಲ್ಲ, ನಮ್ಮ ಮಠದ ಲೆಕ್ಕದ ಪುಸ್ತಕವನ್ನು ತೆರೆದಿಟ್ಟು ನೆನೆಯೋಣ.