ಹಿಂದಿನ ಬೆಂಚಿನ ಚರಿತ್ರೆ

ಜೀಪಿನಲ್ಲಿ ಮುಂದಿನ ಸೀಟು ಗಂಡಸರಿಗೆ, ಹಿಂದಿನ ಉದ್ದ ಬೆಂಚು ಹೆಂಗಸರಿಗೆ, ಮಕ್ಕಳಿಗೆ, ಬುತ್ತಿಚೀಲಕ್ಕೆ. ಈ ವ್ಯವಸ್ಥೆಯನ್ನು ಯಾರು ಮಾಡಿದರೋ! ಆ ಬೆಂಚಿರುವುದು ಸರಿಯಾಗಿ ಹಿಂದಿನ ಚಕ್ರಗಳ ಮೇಲೆ. ಅಲ್ಲಿ ಕೂತ ಸೊಂಟಕ್ಕೆ ಪ್ರತಿ ಕಲ್ಲಿನ ಪರಿಚಯವೂ ಆಗುತ್ತದೆ. ಚರಿತ್ರೆ ಕಲಿಸುವವಳಾದ ನನಗೆ ಈ ನೋವಿಗೂ ಒಂದು ಚರಿತ್ರೆ ಇರಬೇಕೆನಿಸಿತು.

1804ರಲ್ಲಿ ಇಂಗ್ಲೆಂಡಿನ ಒಬಡಯಾ ಎಲಿಯಟ್ ಎಂಬಾತ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಕುದುರೆಗಾಡಿಯಡಿ ಕೂರಿಸುವ ಕ್ರಮಕ್ಕೆ ಪೇಟೆಂಟ್ ಪಡೆದ. ಆ ವಂಶದ ಪಟ್ಟಿಗಳೇ 1941ರ ವಿಲ್ಲಿಸ್ ಜೀಪಿನಲ್ಲಿದ್ದವು. ಯುದ್ಧಕ್ಕೆಂದು ಹುಟ್ಟಿದ ಗಾಡಿ. ಕೂತವರ ಸುಖ ಕೇಳುವವರಾರು? 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿತು. ಜೀಪಿನೊಂದಿಗೆ ‘ಪ್ಲೇಟು’ಗಳೂ ನಮ್ಮ ಊರುಗಳಿಗೆ ಬಂದವು.

ಪ್ಲೇಟನ್ನು ಬೈಯಲು ನನಗೆ ಮನಸ್ಸಾಗದು. ಒಂದರ ಮೇಲೊಂದು ಪೇರಿಸಿದ ಆ ಪಟ್ಟಿಗಳು ಭಾರ ಹೊರುತ್ತವೆ, ಚಕ್ರದ ಅಚ್ಚನ್ನು ಹಿಡಿದಿಡುತ್ತವೆ, ಒಂದಕ್ಕೊಂದು ಉಜ್ಜಿಕೊಂಡು ಕುಣಿತವನ್ನೂ ತುಸು ತಗ್ಗಿಸುತ್ತವೆ. ಒಂದು ಮುರಿದರೂ ಎಷ್ಟೋ ಸಲ ಉಳಿದವುಗಳ ಮೇಲೆ ಗಾಡಿ ಮೆಲ್ಲಗೆ ಗ್ಯಾರೇಜು ಸೇರುತ್ತದೆ. ಮಲೆನಾಡಿನ ಮಳೆಯಲ್ಲಿ ಬಸುರಿಯರನ್ನು ಆಸ್ಪತ್ರೆಗೆ ತಲುಪಿಸಿದ ಜೀಪುಗಳೂ ಇಂಥವೇ. ಆದರೆ ತುಂಬಿದ ಭಾರಕ್ಕೆಂದು ಮಾಡಿದ ಬಿಗಿಯಾದ ಪ್ಲೇಟು ಹಗುರ ಭಾರಕ್ಕೆ ಬಾಗುವುದಿಲ್ಲ. ಹತ್ತು ಮಂದಿ ತುಂಬಿದ ಜೀಪಿಗಿಂತ ನೋವುಣ್ಣುವ ಒಬ್ಬಳನ್ನು ಮಲಗಿಸಿಕೊಂಡ ಜೀಪೇ ಹೆಚ್ಚು ಎತ್ತಿಹಾಕುತ್ತದೆ.

1970ರಲ್ಲಿ ಇಂಗ್ಲೆಂಡಿನ ರೇಂಜ್ ರೋವರ್, ಕಾಡುಮೇಡಿನ ಗಾಡಿಯಾದರೂ, ಸುರುಳಿ ಸ್ಪ್ರಿಂಗುಗಳ ಮೇಲೆ ಬಂತು. ಸುರುಳಿಯಲ್ಲಿ ಆ ಉಜ್ಜಾಟವಿಲ್ಲ, ಸಣ್ಣ ಕುಲುಕಿಗೂ ಬಾಗುತ್ತದೆ. ಆದರೆ ಅದು ಅಚ್ಚನ್ನು ಹಿಡಿದಿಡಲಾರದು, ಕುಣಿಯತೊಡಗಿದರೆ ಬೇಗ ನಿಲ್ಲದು. ಅದಕ್ಕೇ ಬೇರೆ ಸರಳುಗಳು ಬೇಕು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಬೇಕು. ಆ ಕೊಳವೆಗೇ ಸುರುಳಿಯನ್ನು ಬಳೆಯಂತೆ ತೊಡಿಸಿದರೆ ಕಾಯ್ಲ್‌ಓವರ್. 2010ರ ಥಾರ್‌ಗೆ ಹಿಂದೆ ಪ್ಲೇಟೇ ಇತ್ತು; 2020ರದಕ್ಕೆ ನಾಲ್ಕೂ ಚಕ್ರಗಳಲ್ಲಿ ಈ ಜೋಡಿ ಬಂತು. ಅದೂ ಸಾಲದೆ ಕೆಲವರು ಎತ್ತರ ಹೆಚ್ಚಿಸುವ ಕಾಯ್ಲ್‌ಓವರ್ ಹಾಕಿಸುತ್ತಾರೆ. ಕಲ್ಲು ತಗಲದು ನಿಜ. ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಸೀರೆಯುಟ್ಟವಳು ಹತ್ತುವುದಂತೂ ಕೇಳಬೇಡಿ.

ಕೊಡಚಾದ್ರಿಯ ಬಾಡಿಗೆ ಜೀಪಿನ ಚಾಲಕನನ್ನು, “ನೀವ್ಯಾಕಪ್ಪ ಸುರುಳಿಯ ಗಾಡಿ ತರೋದಿಲ್ಲ?” ಎಂದು ಕೇಳಿದೆ. “ಅದು ಮನೆಯವರು ನಾಲ್ಕು ಜನ ಕೂರೋ ಗಾಡಿ ಟೀಚರ್. ಇದಕ್ಕೆ ಎಷ್ಟು ಜನ ಹತ್ತಿದ್ರು ನೋಡಿದ್ರಲ್ಲ” ಎಂದ.